ಟ್ರೇಲರ್ ಮನೆಗೆ ಎರಡು ಸಿಲಿಂಡರ್: ಎಷ್ಟು ಬೇಕು, ಎಲ್ಲಿಡಬೇಕು?

ಪ್ರಶ್ನೆ: ಸರ್, ನಮಸ್ಕಾರ್ರಿ. ನಮ್ಮದು ಗದಗ ತಾಲ್ಲೂಕಿನ ಒಂದು ಹಳ್ಳಿ. ಟ್ರ್ಯಾಕ್ಟರ್ ಟ್ರೇಲರ್ ಮಾಡೋ ಫ್ಯಾಬ್ರಿಕೇಶನ್ ಶೆಡ್ಡಿನ್ಯಾಗ ಬೊಲೆರೊಕ್ಕ ಜಗ್ಗೋ ಹಂಗ ಒಂದು ಸಣ್ಣ ಟ್ರೇಲರ್ ಮನಿ ಮಾಡಿಸೀವಿ. ಹನ್ನೆರಡು ಫೂಟ್ ಉದ್ದ, ಆರೂವರಿ ಫೂಟ್ ಅಗಲ. ನಾಲ್ಕು ಮಂದಿ ಮಲಗತೀವಿ. ಯಲ್ಲಮ್ಮನ ಗುಡ್ಡ, ಗೋಕರ್ಣ, ಪಂಢರಪುರ ಎಲ್ಲಾ ಅದರಾಗ ಮಾಡಿ ಬಂದೀವಿ. ಈಗ ಅಡಿಗಿ ಕಟ್ಟಿ ಕೆಳಗ 5 ಕೆಜಿ ಸಿಲಿಂಡರ್, ಎರಡು ಬರ್ನರಿನ ಒಲಿ, ಹಸಿರು ರಬ್ಬರ್ ಪೈಪು ಐತಿ. ಅದನ್ನ ತಗದು ಮನ್ಯಾಗಿನ 14.2 ಕೆಜಿದು ಎರಡು ಹಾಕಿ, ಗ್ಯಾಸ್ ಗೀಸರ್, ಗ್ಯಾಸ್ ಫ್ರಿಜ್ ಕೂಡಸಬೇಕಂತ ಮಾಡೀನಿ. ಮುಂದ ಲಡಾಖ್‌ಗೂ ಹೋಗೋ ವಿಚಾರ ಐತಿ. ಅಮೆರಿಕದವರ ವಿಡಿಯೊದಾಗ ಎರಡು ಪ್ರೊಪೇನ್ ಸಿಲಿಂಡರ್ ಹೊರಗ, ಮುಂದಿನ ಹುಕ್ಕಿನ ಮ್ಯಾಲ ಇಟ್ಟಿರತಾರ. ಒಂದು ಖಾಲಿ ಆದ್ರ ಇನ್ನೊಂದಕ್ಕ ತಾನ ತಿರಗೋ ರೆಗ್ಯುಲೇಟರ್ ಸೈತ ಆನ್‌ಲೈನಿನ್ಯಾಗ ಸಿಗತೈತಿ. ನಮ್ಮ ಅಳಿಯಂದಿರು 'ಬಿಸಲಾಗ ಹೊರಗಿಟ್ರ ಸಿಡಿತಾವು, ಒಳಗ ಇರಲಿ' ಅಂತಾರ. ಗ್ಯಾರೇಜಿನವ 'ಹಳೇ ವ್ಯಾನಿನ ಗ್ಯಾಸ್ ಟಾಂಕಿ ತಳದಾಗ ಕೂಡಸ್ತೀನಿ, ಸಿಲಿಂಡರ್ ಕಾಟಾನ ಬ್ಯಾಡ' ಅಂತಾನ. ನಮ್ಮ ಮನಿಯಾಕಿ 'ಗ್ಯಾಸ ಬ್ಯಾಡ, ಹೊರಗ ಮೂರು ಕಲ್ಲು ಹೂಡೂಣು' ಅಂತಾಳ. ಯಾರ ಮಾತು ಕೇಳ್ಲಿ?

ಉತ್ತರ: ನಾಲ್ವರ ಮಾತಿನಲ್ಲಿ ಮೊದಲು ತೆಗೆದುಹಾಕಬೇಕಾದದ್ದು ಗ್ಯಾರೇಜಿನವರದು. ವಾಹನದ ಎಲ್‌ಪಿಜಿ ಟಾಂಕಿ ಇಂಜಿನ್‌ಗೆಂದು ಮಾಡಿದ್ದು. ಅದು ಟಾಂಕಿಯ ತಳದಿಂದ ದ್ರವವನ್ನೇ ಎಳೆದು ಕಳಿಸುತ್ತದೆ, ಆ ದ್ರವವನ್ನು ಆವಿ ಮಾಡುವ ಉಪಕರಣ ಇಂಜಿನ್ ಪಕ್ಕದಲ್ಲಿ ಬೇರೆಯೇ ಇರುತ್ತದೆ. ಅಡಿಗೆ ಸಿಲಿಂಡರ್ ಮೇಲಿನಿಂದ ಬರೀ ಆವಿ ಕೊಡುತ್ತದೆ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 250 ಲೀಟರ್ ಗ್ಯಾಸ್ ಆಗುತ್ತದೆ. ಇಂಥದ್ದು ನಿಮ್ಮ ಒಲೆಯ ಬರ್ನರ್‌ಗೆ ಬಂದರೆ ಜ್ವಾಲೆ ಸೂರಿಗೆ ಹತ್ತುತ್ತದೆ. ಅವರ ಇಂಜಿನ್ ಕೆಲಸ ಚೆನ್ನಾಗಿರಬಹುದು, ಆದರೆ ಇದನ್ನು ಅವರಿಗೆ ಒಪ್ಪಿಸಬೇಡಿ.

ನಾನು ಹುಬ್ಬಳ್ಳಿಯಲ್ಲಿ ಹೋಟೆಲ್, ಹಾಸ್ಟೆಲ್, ಕಲ್ಯಾಣ ಮಂಟಪಗಳಿಗೆ ಗ್ಯಾಸ್ ಬ್ಯಾಂಕ್ (ಒಟ್ಟಿಗೆ ಜೋಡಿಸಿದ ಸಿಲಿಂಡರ್‌ಗಳ ಸಾಲು) ಮತ್ತು ಪೈಪ್‌ಲೈನ್ ಕೂಡಿಸುವವನು. ಮಿರ್ಚಿ-ಗಿರಮಿಟ್ ಗಾಡಿಗಳು, ಕೇಟರಿಂಗ್ ಟೆಂಪೊಗಳೂ ನನ್ನ ಹತ್ತಿರ ಬರುತ್ತವೆ. ಬಂದವರೆಲ್ಲ ಕೇಳುವುದು 'ಎಷ್ಟು ದೊಡ್ಡ ಸಿಲಿಂಡರ್ ಹಾಕಲಿ' ಎಂದು. ಸೋರಿದ ಗ್ಯಾಸ್ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಕೇಳಿದವರು ಕಡಿಮೆ. ನಿಮ್ಮ ಮನೆಯವರ ಭಯದೊಳಗೆ ಇರುವುದು ಈ ಎರಡನೆಯ ಪ್ರಶ್ನೆಯೇ. ಆದ್ದರಿಂದ ಅಲ್ಲಿಂದ ಶುರು ಮಾಡೋಣ.

ಎಲ್‌ಪಿಜಿ ಗಾಳಿಗಿಂತ ಭಾರ. ಅದರಲ್ಲಿರುವ ಪ್ರೊಪೇನ್ ಒಂದೂವರೆ ಪಟ್ಟು, ಬ್ಯುಟೇನ್ ಎರಡು ಪಟ್ಟು ಭಾರ. ಸೋರಿದರೆ ಅದು ಮೇಲಿನ ಕಿಟಕಿಯಿಂದ ಹೊರಗೆ ಹೋಗುವುದಿಲ್ಲ. ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹೋಗಿ ನಿಲ್ಲುತ್ತದೆ. ನಿಮ್ಮ ಟ್ರೇಲರ್‌ನಲ್ಲಿ ತಗ್ಗು ಎಂದರೆ ನೆಲ, ಮಂಚದ ಕೆಳಗಿನ ಸಾಮಾನಿನ ಪೆಟ್ಟಿಗೆ, ಬ್ಯಾಟರಿ ಇಟ್ಟ ಮೂಲೆ. ಗಾಳಿಯಲ್ಲಿ ನೂರಕ್ಕೆ ಸುಮಾರು ಎರಡು ಪಾಲು ಗ್ಯಾಸ್ ಸೇರಿದರೆ ಸಾಕು, ಕಿಡಿಗೆ ಹೊತ್ತಿಕೊಳ್ಳುತ್ತದೆ. ನೀವು ಕೊಟ್ಟ ಅಳತೆಯ ಪ್ರಕಾರ, ಕಪಾಟು ಮಂಚ ಕಳೆದರೆ ಒಳಗೆ ಸುಮಾರು 12 ಘನಮೀಟರ್ ಗಾಳಿ ಇದೆ. ಇಡೀ ಜಾಗಕ್ಕೆ ಸಮನಾಗಿ ಹರಡಿದರೂ ಅರ್ಧ ಕೆಜಿ ಗ್ಯಾಸ್ ಸಾಕು. ಅದು ಸಮನಾಗಿ ಹರಡುವುದೂ ಇಲ್ಲ. ನೆಲದಿಂದ ಒಂದು ಫೂಟ್ ಎತ್ತರದೊಳಗೇ ನಿಂತರೆ ನೂರು ಗ್ರಾಂ ಆಸುಪಾಸು, ಅಂದರೆ ಒಂದು ಲೋಟ ದ್ರವದಷ್ಟು, ಸಾಕಾಗುತ್ತದೆ.

ಈಗ ಅಡಿಗೆ ಕಟ್ಟೆಯ ಕೆಳಗಿರುವ ನಿಮ್ಮ 5 ಕೆಜಿಯನ್ನು ನೋಡಿ. 'ಸಣ್ಣದು, ಏನೂ ಆಗಲ್ಲ' ಎಂದು ಅಲ್ಲಿಟ್ಟಿದ್ದೀರಿ. ಆ ಲೆಕ್ಕದಲ್ಲಿ ಅದರೊಳಗೆ ಬೇಕಾದ್ದಕ್ಕಿಂತ ಹತ್ತಾರು ಪಟ್ಟು ಇದೆ. 14.2 ಕೆಜಿಯದನ್ನು ಇಟ್ಟರೂ ಒಳಗಿನ ಅಪಾಯ ಅದೇ. ಹಾಗಾಗಿ ನೀವು ಮಾಡಬೇಕಾದ ಮೊದಲ ಬದಲಾವಣೆಗೆ ಹೊಸ ಸಿಲಿಂಡರ್ ಬೇಕಾಗಿಲ್ಲ, ಇರುವ ಸಿಲಿಂಡರ್ ಒಳಗಿನಿಂದ ಹೊರಗೆ ಬರಬೇಕು. ಉಳಿದದ್ದನ್ನು ಮಾಡಿಸುವಿರೋ ಬಿಡುವಿರೋ, ಇದನ್ನು ಮಾತ್ರ ಮುಂದಿನ ಪ್ರಯಾಣಕ್ಕೆ ಮೊದಲು ಮಾಡಿ.

'ವಾಸನೆ ಬಂದರೆ ಗೊತ್ತಾಗುತ್ತದಲ್ಲ' ಎನ್ನುವವರಿದ್ದಾರೆ. ಎಲ್‌ಪಿಜಿಗೆ ತನ್ನದೇ ವಾಸನೆ ಇಲ್ಲ, ಸೋರಿಕೆ ಗೊತ್ತಾಗಲಿ ಎಂದೇ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಎಚ್ಚರವಿದ್ದಾಗ ಅದು ಕೆಲಸ ಮಾಡುತ್ತದೆ. ಮಲಗಿದವನ ಮೂಗು ಎಬ್ಬಿಸುವುದಿಲ್ಲ. ಎಚ್ಚರವಿದ್ದವನ ಮೂಗೂ ಸ್ವಲ್ಪ ಹೊತ್ತಿನಲ್ಲಿ ಒಗ್ಗಿಹೋಗುತ್ತದೆ. ಹೋದ ಬೇಸಿಗೆಯಲ್ಲಿ ಒಂದು ಕೇಟರಿಂಗ್ ಟೆಂಪೊ ನನ್ನ ಹತ್ತಿರ ಬಂತು. 'ಎರಡು ದಿನದಿಂದ ಸ್ವಲ್ಪ ವಾಸನೆ ಇದೆ, ಅಭ್ಯಾಸ ಆಗಿದೆ' ಎಂದರು ಡ್ರೈವರ್. ಪೈಪಿನ ತುದಿ ಒಲೆಯ ನಾಜಲ್‌ಗೆ ಹೊಕ್ಕ ಜಾಗದಲ್ಲಿ ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಕ್ಲಿಪ್ ಸಡಿಲಿಸಿ ಬಗ್ಗಿಸಿದಾಗ ಹಸಿರು ರಬ್ಬರ್ ಒಣಗಿದ ಕೆರೆಯಂಗಳದಂತೆ ಸೀಳು ಬಿಟ್ಟಿತ್ತು. ಮನೆಯಲ್ಲಿ ಅದೇ ಪೈಪು ಅಷ್ಟು ಬೇಗ ಹಾಳಾಗುತ್ತಿರಲಿಲ್ಲ. ಗಾಡಿಯಲ್ಲಿ ಕುಲುಕಾಟ, ಬಿಸಿ, ಎಣ್ಣೆ ಮೂರೂ ಸೇರುತ್ತವೆ.

ಇನ್ನು ಅಳಿಯಂದಿರ ಬಿಸಿಲಿನ ಮಾತು. ಅವರ ಆತಂಕ ಸುಳ್ಳಲ್ಲ, ಆದರೆ ಬೊಟ್ಟು ತಪ್ಪು ಕಡೆಗೆ ಇದೆ. ಕಂಪನಿಯ ಬಾಟ್ಲಿಂಗ್ ಘಟಕದಲ್ಲಿ ತುಂಬಿದ ಸಿಲಿಂಡರ್‌ನಲ್ಲಿ ದ್ರವ ಹಿಗ್ಗಲು ಜಾಗ ಬಿಟ್ಟಿರುತ್ತಾರೆ. ಗದಗಿನ ಏಪ್ರಿಲ್ ಬಿಸಿಲಿಗೆ, ನೆರಳಿನಲ್ಲಿ ಗಾಳಿಯಾಡುವ ಹಾಗೆ ಇಟ್ಟ ಸಿಲಿಂಡರ್ ಸಿಡಿಯುವುದಿಲ್ಲ. ಬರಿಯ ಬಿಸಿಲಿಗೆ ಬಿಟ್ಟರೆ ಕಬ್ಬಿಣ ಕೈ ಸುಡುವಷ್ಟು ಕಾಯುತ್ತದೆ, ಅದು ಬೇಡ, ಮೇಲೊಂದು ಮುಚ್ಚಳ ಬೇಕು. ಬಿಸಿಲು ನಿಜವಾಗಿ ಅಪಾಯವಾಗುವುದು ಅಂಗಡಿಯಲ್ಲಿ ದೊಡ್ಡ ಸಿಲಿಂಡರ್ ಬುಡಮೇಲು ಮಾಡಿ ಸಣ್ಣದಕ್ಕೆ ತುಂಬಿಸಿಕೊಂಡಾಗ. ಅಲ್ಲಿ ತೂಕ ನೋಡುವವರಿಲ್ಲ, ಖಾಲಿ ಜಾಗ ಬಿಡುವವರಿಲ್ಲ. ದ್ರವ ಎಲ್‌ಪಿಜಿ ಬಿಸಿಗೆ ನೀರಿಗಿಂತ ಹತ್ತು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಒಳಗೆ ಜಾಗವೇ ಇಲ್ಲದಿದ್ದರೆ ಆ ಒತ್ತಡಕ್ಕೆ ಯಾವ ತಗಡೂ ತಡೆಯುವುದಿಲ್ಲ. ನಿಮ್ಮ 5 ಕೆಜಿ ಎಲ್ಲಿ ತುಂಬಿಸಿದ್ದು ಎಂದು ನೀವು ಬರೆದಿಲ್ಲ. ಬೀದಿಬದಿಯ ರೀಫಿಲ್ ಆಗಿದ್ದರೆ ಆ ಸಿಲಿಂಡರ್ ಅನ್ನೇ ಬಿಟ್ಟುಬಿಡಿ. ಹಾಗೆ ತುಂಬುವುದು ಕಾನೂನಿಗೂ ವಿರುದ್ಧ.

ಅಮೆರಿಕದ ವಿಡಿಯೊದಲ್ಲಿ ಅರ್ಧ ಸತ್ಯ ಇದೆ. ಸಿಲಿಂಡರ್ ಹೊರಗೆ ಇರಬೇಕು ಎನ್ನುವುದು ಸತ್ಯ. ಪ್ರೊಪೇನೇ ಬೇಕು ಎನ್ನುವುದು ಅವರ ಚಳಿಗೆ ಸತ್ಯ, ನಮಗಲ್ಲ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೂ ಆವಿಯಾಗುತ್ತದೆ, ಬ್ಯುಟೇನ್ ಸೊನ್ನೆಯ ಹತ್ತಿರವೇ ನಿಂತುಬಿಡುತ್ತದೆ. ಹಿಮ ಬೀಳುವ ಊರಿನವರು ಬ್ಯುಟೇನ್ ನಂಬಿ ಕೂರುವಂತಿಲ್ಲ. ನಮ್ಮಲ್ಲಿ ಸಿಗುವುದು ಎರಡರ ಮಿಶ್ರಣ. ಧಾರವಾಡದ ಡಿಸೆಂಬರ್ ಬೆಳಗಿನಲ್ಲೂ ಅದಕ್ಕೆ ಯಾವ ತೊಂದರೆಯೂ ಇಲ್ಲ. ಅದರ ಮೇಲೆ, 40 ಡಿಗ್ರಿ ಬಿಸಿಯಲ್ಲಿ ಶುದ್ಧ ಪ್ರೊಪೇನ್‌ನ ಒತ್ತಡ ನಮ್ಮ ಮಿಶ್ರಣಕ್ಕಿಂತ ಸಾಕಷ್ಟು ಹೆಚ್ಚು. ನಮ್ಮ ಅಡಿಗೆ ಸಿಲಿಂಡರ್‌ಗಳನ್ನು ಅದಕ್ಕೆಂದು ಮಾಡಿಲ್ಲ. 'ನಿಮ್ಮ ಸಿಲಿಂಡರ್‌ಗೇ ಪ್ರೊಪೇನ್ ಹಾಕಿಕೊಡ್ತೀನಿ' ಎಂದು ಯಾರಾದರೂ ಹೇಳಿದರೆ ನಮಸ್ಕಾರ ಹೇಳಿ ಬನ್ನಿ.

ಲಡಾಖ್ ವಿಷಯ ಬೇರೆ. ಪ್ಯಾಂಗಾಂಗ್ ಕಡೆ 4,200 ಮೀಟರ್ ಎತ್ತರ, ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಸಿಲಿಂಡರ್‌ನಲ್ಲಿ ಬೇಗ ಆವಿಯಾಗುವ ಪ್ರೊಪೇನ್ ಮೊದಲು ಖರ್ಚಾಗಿ ಕೊನೆಗೆ ಬ್ಯುಟೇನ್ ಹೆಚ್ಚು ಉಳಿಯುತ್ತದೆ. ಆದ್ದರಿಂದ ಅಲ್ಲಿ ಅರ್ಧ ಖಾಲಿಯಾದ ಸಿಲಿಂಡರ್ ಅಲುಗಾಡಿಸಿದರೆ ಒಳಗೆ ಗ್ಯಾಸ್ ಇದೆ, ಒಲೆ ಮಾತ್ರ ಮಿಣಮಿಣ ಎನ್ನುತ್ತದೆ. ಅದನ್ನು ಬೆಂಕಿಯ ಹತ್ತಿರ ಇಟ್ಟು ಕಾಯಿಸುವ ಬುದ್ಧಿ ಯಾರಿಗೂ ಬರದಿರಲಿ. ಅಲ್ಲಿಗೆ ಹೋಗುವಾಗ ತುಂಬಿದ ಸಿಲಿಂಡರ್‌ನೊಂದಿಗೆ ಹೊರಡಿ, ರಾತ್ರಿಯ ಅಡಿಗೆ ಸಂಜೆಯೇ ಮುಗಿಸಿ.

ಆನ್‌ಲೈನ್ ರೆಗ್ಯುಲೇಟರ್: ಅಮೆರಿಕದ ಮನೆಬಳಕೆ ಒತ್ತಡ ಸುಮಾರು 28 ಮಿಲಿಬಾರ್, ನಮ್ಮದು 30. ಒಲೆ ಎರಡಕ್ಕೂ ಉರಿಯುತ್ತದೆ. ತೊಂದರೆ ಇರುವುದು ಇನ್ನೊಂದು ತುದಿಯಲ್ಲಿ. ಅಲ್ಲಿನ ಸಿಲಿಂಡರ್‌ಗೆ ತಿರುಪು ಜೋಡಣೆ, ನಮ್ಮದಕ್ಕೆ ಒತ್ತಿ ಕೂಡಿಸುವ ವಾಲ್ವ್. ಎರಡನ್ನೂ ಸೇರಿಸಲು ಹಿತ್ತಾಳೆಯ ಅಡಾಪ್ಟರ್ ಮಾರುತ್ತಾರೆ. ಪೂರ್ತಿ ಸಿಲಿಂಡರ್ ಒತ್ತಡವನ್ನು ಆ ಒಂದು ಅಡಾಪ್ಟರ್ ಮೇಲೆ ನಿಲ್ಲಿಸಿ ಅರಬೈಲ್ ಘಟ್ಟ ಇಳಿಯಬೇಕೇ? ನಾನಂತೂ ಇಳಿಯಲಾರೆ. ತಾನೇ ತಿರುಗುವ ಚೇಂಜ್‌ಓವರ್ ಹೋಟೆಲಿಗೆ ಸರಿ, ಅಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಒಲೆ ಆರಬಾರದು. ನಿಮಗೆ ಸಿಲಿಂಡರ್ ಬದಲಿಸಲು ಒಂದು ನಿಮಿಷ ಸಾಕು. ತಾನೇ ತಿರುಗಿದರೆ ಮೊದಲನೆಯದು ಖಾಲಿಯಾದದ್ದು ತಿಳಿಯದೆ ಎರಡನೆಯದೂ ಮುಗಿದ ಮೇಲೆ ಕಣ್ಣು ಬಿಡುವವರೇ ಹೆಚ್ಚು.

ಈಗ ಎಷ್ಟು ಗ್ಯಾಸ್ ಬೇಕು ನೋಡೋಣ. ಮನೆ ಒಲೆಯ ಎರಡೂ ಬರ್ನರ್ ಜೋರಾಗಿ ಉರಿದರೆ ಗಂಟೆಗೆ 300 ಗ್ರಾಂ ಹತ್ತಿರ. ಪ್ರವಾಸದಲ್ಲಿ ಚಹಾ, ಉಪ್ಪಿಟ್ಟು, ರಾತ್ರಿ ಅನ್ನ-ಸಾರು ಎಂದರೆ ದಿನಕ್ಕೆ ಒಂದೂವರೆ ಗಂಟೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮನೆಯಿಂದಲೇ ಕಟ್ಟಿಕೊಂಡು ಹೊರಡುವ ನಮ್ಮ ಕಡೆಯವರಿಗೆ ಅದಕ್ಕಿಂತ ಕಡಿಮೆ. ಅಂದರೆ 5 ಕೆಜಿಯದು ಹತ್ತು ದಿನ ಬರುತ್ತದೆ. ನೀವು ಹೇಳಿದ ಮೂರೂ ಊರಿಗೆ ಅದು ಧಾರಾಳ. ಎರಡು 5 ಕೆಜಿ ಇದ್ದರೆ ಲಡಾಖ್‌ಗೂ ಸಾಕು, ದಾರಿಯಲ್ಲಿ ಬದಲಿಸಿಕೊಳ್ಳಬಹುದು.

ಇದರ ಎದುರು ಎರಡು 14.2 ಕೆಜಿ ಹೇರುವುದನ್ನು ತೂಗಿ ನೋಡಿ. ತುಂಬಿದ ಒಂದೊಂದೂ 30 ಕೆಜಿ ಹತ್ತಿರ, ಪೆಟ್ಟಿಗೆ ಸೇರಿ ಹುಕ್ಕಿನ ಮೇಲೆ 75-80 ಕೆಜಿ ಬೀಳುತ್ತದೆ. ಟ್ರೇಲರ್ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಹುಕ್ಕಿನ ಮೇಲಿರಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲ ಬೀಸುತ್ತದೆ, ಹೆಚ್ಚಾದರೆ ಬೊಲೆರೊ ಹಿಂದೆ ಕುಸಿದು ಮುಂದಿನ ಗಾಲಿಗೆ ಹಿಡಿತ ಕಡಿಮೆಯಾಗುತ್ತದೆ. ನಿಮ್ಮದನ್ನು ಕಟ್ಟಿದವರು ಟ್ರ್ಯಾಕ್ಟರ್ ಟ್ರೇಲರ್ ಮಾಡುವವರು. ಅವರ ಬೆಸುಗೆ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಟ್ರ್ಯಾಕ್ಟರ್ ಓಡುವುದು ಇಪ್ಪತ್ತು-ಮೂವತ್ತರ ವೇಗದಲ್ಲಿ, ನೀವು ಹೋಗುವುದು ಹೆದ್ದಾರಿಯಲ್ಲಿ. ಹುಕ್ಕಿನ ಭಾರವನ್ನು ಅವರು ತೂಗಿ ನೋಡಿರುವುದು ಅನುಮಾನ. ಎಪಿಎಂಸಿಯ ತೂಕದ ಕಾಟಾದ ಮೇಲೆ ಮುಂದಿನ ಸ್ಟ್ಯಾಂಡ್ ಒಂದನ್ನೇ ಇಟ್ಟು ತೂಗಿಸಿ, ಆಮೇಲೆ ಪೂರ್ತಿ ಟ್ರೇಲರ್ ತೂಗಿಸಿ. ಅರ್ಧ ಗಂಟೆಯ ಕೆಲಸ.

ಕಾನೂನಿನ ಮಾತೂ ಇದೆ. 14.2 ಕೆಜಿ ಸಿಲಿಂಡರ್ ನಿಮ್ಮ ಮನೆಯ ವಿಳಾಸದ ಅಡಿಗೆ ಮನೆಗೆಂದು ಕೊಟ್ಟದ್ದು, 2000ದ ಎಲ್‌ಪಿಜಿ ಪೂರೈಕೆ ಆದೇಶ ಅದನ್ನು ಬೇರೆ ಕೆಲಸಕ್ಕೆ ಒಯ್ಯಲು ಬಿಡುವುದಿಲ್ಲ. ಪ್ರವಾಸಕ್ಕೆ ಸರಿಯಾದದ್ದು ಸಬ್ಸಿಡಿ ಇಲ್ಲದೆ ಮಾರುವ 5 ಕೆಜಿ ಸಿಲಿಂಡರ್. ಅದಕ್ಕೆ ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಸಾಕು. ವಿತರಕರ ಹತ್ತಿರ, ಕೆಲವು ಪೆಟ್ರೋಲ್ ಬಂಕ್‌ಗಳಲ್ಲೂ ಸಿಗುತ್ತದೆ. ಖಾಲಿಯಾದರೆ ಅದೇ ಕಂಪನಿಯ ಬೇರೆ ಊರಿನ ವಿತರಕರಲ್ಲಿ ಬದಲಿಸಿಕೊಳ್ಳಬಹುದು. ರೆಗ್ಯುಲೇಟರ್ ಅನ್ನೂ ಅವರ ಕೈಯಿಂದಲೇ ತೆಗೆದುಕೊಳ್ಳಿ, ಎಲ್ಲ ಸಿಲಿಂಡರ್‌ಗೂ ಒಂದೇ ಅಳತೆ ಕೂಡುವುದಿಲ್ಲ. ತೆಗೆದುಕೊಳ್ಳುವಾಗ ಹಿಡಿಯ ಪಟ್ಟಿಯ ಒಳಮೈ ನೋಡಿ: ಎ, ಬಿ, ಸಿ, ಡಿ ಅಕ್ಷರದ ಮುಂದೆ ಇಸವಿ ಇರುತ್ತದೆ, ಸಿಲಿಂಡರ್‌ನ ಮುಂದಿನ ಪರೀಕ್ಷೆ ಆ ಹೊತ್ತಿಗೆ ಆಗಬೇಕು ಎಂದು ಅರ್ಥ. ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ವರ್ಷದ ಕೊನೆಯ ಮೂರು ತಿಂಗಳು. ಪರೀಕ್ಷೆಯ ಆ ಅವಧಿ ಮುಗಿದಿದ್ದರೆ ಬೇರೆಯದು ಕೇಳಿ.

ಗೀಸರ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ಪಟ್ಟಿಯಲ್ಲಿ ಜೀವಕ್ಕೆ ಕುತ್ತಾಗುವುದು ಇದೇ. ಒಂದು ಬಕೆಟ್ ನೀರು ಕಾಯಿಸಲು 60 ಗ್ರಾಂ ಗ್ಯಾಸ್ ಸಾಕು, ಖರ್ಚಿನ ಚಿಂತೆ ಬೇಡ. ಆದರೆ ಅದು ಆ ಗ್ಯಾಸನ್ನು ಒಮ್ಮೆಲೇ ಕೇಳುತ್ತದೆ. ನಿಮಿಷಕ್ಕೆ 6 ಲೀಟರ್ ಕಾಯಿಸುವ ಗೀಸರ್ ಉರಿಯುವಾಗ ಗಂಟೆಗೆ ಹತ್ತಿರ ಹತ್ತಿರ 1 ಕೆಜಿ ಲೆಕ್ಕದಲ್ಲಿ ಎಳೆಯುತ್ತದೆ, ಅಂದರೆ ಒಲೆಯ ಮೂರು ಪಟ್ಟು. ದ್ರವ ಆವಿಯಾಗಲು ಶಾಖ ಬೇಕು, ಆ ಶಾಖ ಸಿಲಿಂಡರ್ ಮೈಯಿಂದಲೇ ಬರಬೇಕು. ಸಣ್ಣ ಸಿಲಿಂಡರ್‌ಗೆ ಮೈ ಕಡಿಮೆ. ನಾಲ್ಕನೆಯವರ ಸ್ನಾನದ ಹೊತ್ತಿಗೆ ಅದು ಹೊರಗೆ ಬೆವರಿ ತಣ್ಣಗಾಗಿ, ಒತ್ತಡ ಇಳಿದು ಗೀಸರ್ ಆರುತ್ತದೆ. ಗ್ಯಾಸ್ ಖಾಲಿ ಎಂದು ಜನ ಸಿಲಿಂಡರ್ ಬದಲಿಸುತ್ತಾರೆ, ಸಂಜೆ ನೋಡಿದರೆ ಅದೇ ಸಿಲಿಂಡರ್ ಚೆನ್ನಾಗಿ ಉರಿಯುತ್ತದೆ.

ಅದು ಬರೀ ಕಿರಿಕಿರಿ. ಕುತ್ತು ಬರುವುದು ಗಾಳಿಯಿಂದ. 1 ಕೆಜಿ ಗ್ಯಾಸ್ ಪೂರ್ತಿ ಸುಡಲು ಸುಮಾರು 12 ಘನಮೀಟರ್ ಗಾಳಿ ಬೇಕು. ನಿಮ್ಮ ಟ್ರೇಲರ್ ಒಳಗಿರುವ ಗಾಳಿಯೂ ಅಷ್ಟೇ ಎಂದು ಆಗಲೇ ಹೇಳಿದೆ. ಚಳಿಗೆ ಕಿಟಕಿ ಹಾಕಿಕೊಂಡು ಒಳಗೆ ಗೀಸರ್ ಹಚ್ಚಿದರೆ ಗಾಳಿ ಕಡಿಮೆಯಾಗುತ್ತಾ ಹೋಗುತ್ತದೆ, ಗ್ಯಾಸ್ ಅರೆಬರೆ ಸುಟ್ಟು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ. ತಲೆ ಭಾರವಾಗಿ ಮಂಪರು ಬರುತ್ತದೆ, ಅಷ್ಟೇ. ಮನೆಯ ಸಣ್ಣ ಬಚ್ಚಲುಗಳಲ್ಲೇ ಗ್ಯಾಸ್ ಗೀಸರ್‌ನಿಂದ ಜನ ಸತ್ತ ಸುದ್ದಿ ಪ್ರತಿ ಚಳಿಗಾಲ ಓದುತ್ತೇವೆ. ಟ್ರೇಲರ್ ಅದಕ್ಕಿಂತ ಬಿಗಿ. ಹಾಗಾಗಿ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಗ್ಯಾಸ್ ಗೀಸರ್ ಅನ್ನು ಒಳಗೆ ಕೂಡಿಸಿಕೊಡಿ ಎಂದರೆ ನಾನು ಕೂಡಿಸುವುದಿಲ್ಲ. ಎಷ್ಟು ಜಾಲರಿ ಬಿಟ್ಟರೂ ಸರಿಯೇ. ಬೇಕೇ ಬೇಕೆಂದರೆ ಹಿಂಬದಿಯ ಹೊರಗೋಡೆಗೆ, ಮಳೆಗೆ ಮರೆ ಮಾಡಿ ನೇತುಹಾಕಿ. ಸ್ನಾನವೂ ಹೊರಗೆ ತಡಿಕೆ ಕಟ್ಟಿಕೊಂಡು. ಕಿಟಕಿಯ ಕೆಳಗೆ ಮಾತ್ರ ಬೇಡ, ಹೊಗೆ ಒಳಗೆ ಬರುತ್ತದೆ. ವಿದೇಶದ ಕ್ಯಾರವಾನ್‌ಗಳಲ್ಲಿ ಬರುವ ಗೀಸರ್‌ಗಳ ಜಾತಿಯೇ ಬೇರೆ. ಅವು ಹೊರಗಿನ ಗಾಳಿಯನ್ನೇ ಎಳೆದು ಹೊರಕ್ಕೇ ಹೊಗೆ ಬಿಡುವ ಮುಚ್ಚಿದ ಪೆಟ್ಟಿಗೆಗಳು. ಅಂಥದ್ದು ಹಾಕಿಸುವ ಶಕ್ತಿ ಇದ್ದರೆ ನನ್ನ ತಕರಾರಿಲ್ಲ.

ಲಡಾಖ್ ಚಳಿಗೆ ಗ್ಯಾಸ್ ರೂಂ ಹೀಟರ್ ಹಾಕಿಕೊಂಡು ಮಲಗುವ ಆಲೋಚನೆ ಇದ್ದರೆ ಅದನ್ನೂ ಈಗಲೇ ಬಿಡಿ. ಕೆಂಡದ ಶಿಗಡಿಗೂ ಇದೇ ಮಾತು. ರಗ್ಗು ಹೆಚ್ಚು ತೆಗೆದುಕೊಂಡು ಹೋಗಿ.

ಫ್ರಿಜ್‌ಗೆ ಗ್ಯಾಸ್ ಬೇಡ. ಅದು ಸಮತಟ್ಟಾಗಿ ನಿಂತಿರಬೇಕು, ನಮ್ಮ ಬೇಸಿಗೆಯಲ್ಲಿ ಸರಿಯಾಗಿ ತಣಿಯುವುದಿಲ್ಲ, ಹಗಲೂ ರಾತ್ರಿ ಸಣ್ಣ ಜ್ವಾಲೆ ಉರಿಯುತ್ತಲೇ ಇರುತ್ತದೆ. 12 ವೋಲ್ಟ್‌ನ ಕಂಪ್ರೆಸರ್ ಫ್ರಿಜ್, ಸೂರಿನ ಮೇಲೊಂದು ಸೋಲಾರ್ ಪ್ಯಾನಲ್ ಹಾಕಿಸಿ. ಬಿಸಿಲಿಗೆ ಗದಗಿನಲ್ಲಿ ಬರವಿಲ್ಲ.

ಹೀಗೆ ಗೀಸರ್, ಫ್ರಿಜ್ ಎರಡೂ ಗ್ಯಾಸಿನ ಪಟ್ಟಿಯಿಂದ ಹೊರಗೆ ಹೋದರೆ ಉಳಿಯುವುದು ಒಲೆ ಒಂದೇ. ಆಗ ನಿಮ್ಮ ಕೆಲಸ ಸಣ್ಣದಾಗುತ್ತದೆ: ಎರಡು 5 ಕೆಜಿ ಹಿಡಿಯುವ ಒಂದು ಹೊರಪೆಟ್ಟಿಗೆ, ಒಲೆಯವರೆಗೆ ಒಂದು ಗಟ್ಟಿ ಪೈಪು. ಒಂದು ಬಳಕೆಗೆ, ಇನ್ನೊಂದು ಕ್ಯಾಪ್ ಹಾಕಿ ಪಕ್ಕಕ್ಕೆ.

ಪೆಟ್ಟಿಗೆ ಹುಕ್ಕಿನ ಹಿಂದಿನ ತ್ರಿಕೋನ ಚೌಕಟ್ಟಿನ ಮೇಲೆ ಇರಲಿ, ಹಿಂಬದಿಗೆ ಬೇಡ. ಹಿಂದಿನಿಂದ ಲಾರಿ ಗುದ್ದಿದರೆ ಮೊದಲ ಪೆಟ್ಟು ಅದಕ್ಕೇ. ಬಾಗಿಲು ಹೊರಕ್ಕೆ ಮಾತ್ರ ತೆರೆಯಬೇಕು. ಟ್ರೇಲರ್ ಕಡೆಯ ಗೋಡೆಯಲ್ಲಿ ಸೂಜಿಯಷ್ಟು ಸಂದಿಯೂ ಇರಬಾರದು, ಪೈಪು ದಾಟುವ ತೂತಿಗೆ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕಿ ಸೀಲ್ ಮಾಡಿಸಿ. ತಳದಲ್ಲಿ ಮಾತ್ರ ಅಂಗೈ ಅಗಲದಷ್ಟು ಜಾಗ ತೆರೆದಿರಬೇಕು, ಕೆಳಗೆ ನೆಲ ಕಾಣುವ ಹಾಗೆ. ಫ್ಯಾಬ್ರಿಕೇಟರ್ 'ಧೂಳು ಬರುತ್ತೆ, ಮುಚ್ಚಿಬಿಡ್ಲಾ?' ಎಂದು ಕೇಳಿಯೇ ಕೇಳುತ್ತಾರೆ. ಮುಚ್ಚಬೇಡಿ, ಜಾಲರಿ ಹಾಕಿಸಿ. ಪೆಟ್ಟಿಗೆಯೊಳಗೆ ಬಲ್ಬು, ಸ್ವಿಚ್, ಬ್ಯಾಟರಿ ಯಾವುದೂ ಇರಕೂಡದು. ಸಿಲಿಂಡರ್ ನೆಟ್ಟಗೆ ನಿಲ್ಲಬೇಕು, ಬುಡಕ್ಕೂ ಹೊಟ್ಟೆಗೂ ಪಟ್ಟಿ ಬಿಗಿದಿರಬೇಕು. ಅಡ್ಡ ಬಿದ್ದರೆ ರೆಗ್ಯುಲೇಟರ್‌ಗೆ ದ್ರವ ನುಗ್ಗುತ್ತದೆ.

ಪೈಪು ತಾಮ್ರದ್ದಿರಲಿ, ಟ್ರೇಲರ್ ತಳದ ಹೊರಗಿನಿಂದ ಬರಲಿ, ಗೇಣು ಗೇಣಿಗೆ ಕ್ಲಾಂಪ್ ಹೊಡೆಸಿ. ಗೋಡೆಯೊಳಗೆ, ಮಂಚದ ಕೆಳಗೆ ಜಾಯಿಂಟ್ ಬೇಡವೇ ಬೇಡ. ನಳದ ಕೆಲಸದವರು ನೂಲು ಸುತ್ತಿ ಸಫೇದ ಹಚ್ಚುವ ಪದ್ಧತಿ ನೀರಿಗೆ ಸರಿ, ಗ್ಯಾಸ್‌ಗೆ ನಡೆಯುವುದಿಲ್ಲ. ಒಲೆಯ ಹತ್ತಿರ ಕೈಗೆ ಸಿಗುವಂತೆ ಒಂದು ವಾಲ್ವ್. ರಬ್ಬರ್ ಪೈಪು ಎರಡೇ ಕಡೆ: ಸಿಲಿಂಡರ್‌ನಿಂದ ತಾಮ್ರಕ್ಕೆ, ತಾಮ್ರದಿಂದ ಒಲೆಗೆ. ಹಸಿರು ಪೈಪು ಕಿತ್ತು ಐಎಸ್ 9573 ಗುರುತಿರುವ, ಒಳಗೆ ತಂತಿ ಹೆಣೆದ ಕೇಸರಿ ಬಣ್ಣದ ಸುರಕ್ಷಾ ಪೈಪು ಹಾಕಿ. ಮನೆಯಲ್ಲಿ ಅದಕ್ಕೆ ಐದು ವರ್ಷ ಎನ್ನುತ್ತಾರೆ, ಗಾಡಿಯಲ್ಲಿ ನಾನು ಎರಡು ವರ್ಷಕ್ಕೇ ಬದಲಿಸಲು ಹೇಳುತ್ತೇನೆ. ಒಲೆ ಹೊಸದು ಕೊಳ್ಳುವುದಾದರೆ ಜ್ವಾಲೆ ಆರಿದರೆ ಗ್ಯಾಸ್ ತಾನೇ ನಿಲ್ಲುವಂಥದ್ದು ಕೇಳಿ. ಗೋಕರ್ಣದ ಕಡಲ ಗಾಳಿಗೆ ಬಾಗಿಲು ತೆರೆದಿಟ್ಟು ಸಾರು ಕುದಿಸುವಾಗ ಅದರ ಬೆಲೆ ತಿಳಿಯುತ್ತದೆ.

ಕೆಲಸ ಮುಗಿದ ಮೇಲೆ ಎಲ್ಲರೂ ಸೋಪಿನ ನೊರೆ ಹಚ್ಚಿ ತೋರಿಸುತ್ತಾರೆ. ಅದು ಬೇಕು, ಆದರೆ ಸಾಲದು. ಗೌಂಡಿಗಳು ಮಟ್ಟ ಹಿಡಿಯುವ ಪಾರದರ್ಶಕ ಲೆವೆಲ್ ಪೈಪು ಇರುತ್ತದಲ್ಲ, ಅದನ್ನು ಯು ಆಕಾರಕ್ಕೆ ಹಲಗೆಗೆ ಕಟ್ಟಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಒಲೆ ಕಡೆಯ ಪೈಪಿಗೆ ಕೂಡಿಸಿ, ಇನ್ನೊಂದು ತುದಿ ತೆರೆದಿರಲಿ. ಇದನ್ನು ಬಯಲಿನಲ್ಲಿ, ಹತ್ತಿರ ಬೆಂಕಿ ಇಲ್ಲದ ಕಡೆ ಮಾಡಬೇಕು. ರೆಗ್ಯುಲೇಟರ್ ಮೆಲ್ಲಗೆ ತೆರೆದರೆ ಒಂದು ಕಡೆ ನೀರು ಇಳಿದು ಇನ್ನೊಂದು ಕಡೆ ಏರುತ್ತದೆ, ಎರಡರ ನಡುವೆ ಸುಮಾರು 30 ಸೆಂ.ಮೀ. ಅಂತರ ಬರುತ್ತದೆ. 30 ಮಿಲಿಬಾರ್ ಎಂದರೆ ಅದೇ. ಅಂತರ ಅದಕ್ಕಿಂತ ತುಂಬ ಹೆಚ್ಚಾದರೆ ರೆಗ್ಯುಲೇಟರ್ ಕೆಟ್ಟಿದೆ. ನಂತರ ಸಿಲಿಂಡರ್ ಮುಚ್ಚಿ, ನೀರಿನ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಎಳೆದು ಹತ್ತು ನಿಮಿಷ ನೆರಳಲ್ಲಿ ಕೂರಿ. ಗೆರೆ ಬಿಟ್ಟು ನೀರು ಇಳಿದರೆ ಎಲ್ಲೋ ಸೋರುತ್ತಿದೆ, ನೊರೆಗೆ ಕಾಣದ ಸೋರಿಕೆಯೂ ಇಲ್ಲಿ ಸಿಕ್ಕಿಬೀಳುತ್ತದೆ. ಕೂಡಿಸಿದವರು ಇದನ್ನು ನಿಮ್ಮ ಮುಂದೆಯೇ ಮಾಡಲಿ. ಆಗದು ಎಂದರೆ ಹಣ ಕೊಡಬೇಡಿ.

ಒಳಗೆ ಎರಡು ಅಲಾರಂ ಬೇಕು. ಎಲ್‌ಪಿಜಿಯದು ನೆಲದಿಂದ ಗೇಣೆತ್ತರಕ್ಕೆ, ಕಾರ್ಬನ್ ಮೊನಾಕ್ಸೈಡ್‌ನದು ಮಲಗಿದಾಗ ತಲೆ ಬರುವ ಎತ್ತರಕ್ಕೆ. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಎಲ್‌ಪಿಜಿ ಅಲಾರಂ ಅನ್ನು ಸೂರಿಗೆ ಹೊಡೆದಿರುವ ಗಾಡಿಗಳನ್ನು ನೋಡಿ ನನಗೆ ಸಾಕಾಗಿದೆ.

ಆರ್‌ಟಿಒ ಮತ್ತು ವಿಮೆಯ ವಿಷಯ ಸಣ್ಣದಾಗಿ: ನೋಂದಣಿಯಲ್ಲಿರುವ ರೂಪ ಅಥವಾ ತೂಕ ಬದಲಾಗುವ ಕೆಲಸಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಡಿ ಮೊದಲೇ ಅನುಮತಿ ಬೇಕು. ಪೆಟ್ಟಿಗೆ ಬೆಸುಗೆ ಹಾಕಿಸುವ ಮೊದಲು ಗದಗ ಆರ್‌ಟಿಒದಲ್ಲಿ ಚಿತ್ರ ತೋರಿಸಿ ಕೇಳಿ. ಒಳಗೆ ಗ್ಯಾಸ್ ಇದೆ ಎಂದು ವಿಮೆಯವರಿಗೂ ಬರಹದಲ್ಲಿ ತಿಳಿಸಿ. ಬಾಯಿಮಾತು ಕ್ಲೇಮ್ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಓಡುವಾಗ ಸಿಲಿಂಡರ್ ಮುಚ್ಚಿರಲಿ, ಟ್ರೇಲರ್ ಒಳಗೆ ಯಾರೂ ಕೂರುವುದು ಬೇಡ. ವಾಸನೆ ಬಂದರೆ ಮೊದಲು ಎಲ್ಲರೂ ಕೆಳಗಿಳಿಯಿರಿ. ಒಳಗಿನ ಯಾವ ಸ್ವಿಚ್ಚನ್ನೂ ಹಾಕುವುದೂ ಬೇಡ, ಆರಿಸುವುದೂ ಬೇಡ. ಎರಡಕ್ಕೂ ಕಿಡಿ ಬರುತ್ತದೆ. ಹೊರಗಿನಿಂದ ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದಿಟ್ಟು ದೂರ ನಿಂತು ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡಿ. ಸಿಲಿಂಡರ್ ಹೊರಗಿಡುವುದರ ದೊಡ್ಡ ಲಾಭವೇ ಇದು, ಮುಚ್ಚಲು ಒಳಗೆ ಹೋಗಬೇಕಾಗಿಲ್ಲ.

ನಿಮ್ಮ ಮನೆಯವರ ಮೂರು ಕಲ್ಲಿನ ಮಾತಿಗೆ ನಾನು ಅರ್ಧ ಒಪ್ಪುತ್ತೇನೆ. ಹವೆ ಚೆನ್ನಾಗಿದ್ದಾಗ ಹೊರಗೆ ಅಡಿಗೆ ಮಾಡುವುದೇ ಒಳ್ಳೆಯದು, ನೀರು ಕಾಯಿಸಲು ಹಂಡೆ ಇಟ್ಟರೆ ಗೀಸರ್ ಪ್ರಶ್ನೆಯೂ ಮುಗಿಯಿತು. ಆದರೆ ಯಲ್ಲಮ್ಮನ ಗುಡ್ಡದಲ್ಲಿ ಭಾರತ ಹುಣ್ಣಿಮೆಯ ಗದ್ದಲ ನಿಮಗೆ ಗೊತ್ತು. ಚಕ್ಕಡಿ, ಟ್ರ್ಯಾಕ್ಟರ್ ಒತ್ತೊತ್ತಾಗಿ ನಿಂತಿರುತ್ತವೆ, ಪಕ್ಕದವರು ನಿಮ್ಮನ್ನು ಕೇಳಿ ಒಲೆ ಹೂಡುವುದಿಲ್ಲ. ಅಲ್ಲಿನ ಜಾಗವೂ ಇಳಿಜಾರು. ಪೆಟ್ಟಿಗೆಯಿಂದ ಗ್ಯಾಸ್ ಸೋರಿದರೆ ಇಳಿಜಾರಿಗೇ ಹೋಗುತ್ತದೆ. ಆದ್ದರಿಂದ ಟ್ರೇಲರ್ ನಿಲ್ಲಿಸುವಾಗ ಪೆಟ್ಟಿಗೆಯ ಕೆಳಮಗ್ಗುಲು ಯಾರೂ ಬೆಂಕಿ ಹೂಡದ ಕಡೆ ನೋಡಿ ನಿಲ್ಲಿಸಿ, ನಿಮ್ಮ ಕಲ್ಲುಗಳನ್ನು ಮೇಲ್ಮಗ್ಗುಲಿಗೆ ಹತ್ತು ಹೆಜ್ಜೆ ಆಚೆ ಹೂಡಿ. ರಾತ್ರಿ ಯಾರಾದರೂ ಹೊಸದಾಗಿ ಬಂದು ಕೆಳಗೆ ಒಲೆ ಹಚ್ಚಿದರೆ ಎದ್ದು ಹೋಗಿ ಹೇಳಿ, ಇಲ್ಲವೇ ಎರಡೂ ಸಿಲಿಂಡರ್‌ಗೆ ಕ್ಯಾಪ್ ಹಾಕಿ ಮಲಗಿ.